ಮೋಟಾರು ಓಡುವಾಗ ಓದಿದ ಹಾಳೆಗಳು

ನಾನು ಕಂಡದ್ದು ಅವರ ಎಡಗಿವಿಯನ್ನು ಮಾತ್ರ. ಹಿಂದಕ್ಕೆ ಬಿಗಿದು ಬಾಚಿದ ನರೆಗೂದಲು, ಕನ್ನಡಕದ ಕಡ್ಡಿ ಒತ್ತಿ ಒತ್ತಿ ಕಿವಿಯ ಹಿಂದೆ ಬಿದ್ದಿದ್ದ ಗೆರೆ, ಓಲೆಯಿರಬೇಕಾದ ತೂತಿನಲ್ಲಿ ಬೇವಿನ ಕಡ್ಡಿಯ ಒಂದು ಚೂರು. ವೀಡಿಯೋ ಕಾಲಿನಲ್ಲಿ ಫೋನನ್ನು ಮುಖದೆದುರು ಹಿಡಿಯಬೇಕೆಂಬುದು ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಮಾತು ಶುರುವಾಗುತ್ತಿದ್ದಂತೆ ಕೈ ತಾನಾಗಿ ಫೋನನ್ನು ಕಿವಿಗೆ ಒಯ್ಯುತ್ತಿತ್ತು, ಪರದೆ ತುಂಬ ಕಿವಿ. "ಅಮ್ಮಾ, ನಿಮ್ಮ ಮುಖ ಕಾಣ್ತಿಲ್ಲ" ಎಂದರೆ, "ಮುಖ ಎದುಕ್ಕು ಕಣ್ಣು? ನಾನು ಕೇಳ್ಬೇಕು, ಅಷ್ಟು ತಾನೆ?" ಎನ್ನುತ್ತಿದ್ದರು.

ಕೊಯಮತ್ತೂರಿನ ಕಡೆ ಮಕ್ಕಳನ್ನು, ಮಕ್ಕಳಂತೆ ಕಂಡವರನ್ನು 'ಕಣ್ಣು' ಎಂದೇ ಕರೆಯುತ್ತಾರೆ. ನಾನು ಅವರನ್ನು ವಕೀಲಮ್ಮ ಎನ್ನುತ್ತಿದ್ದೆ. ದುಡ್ಡು ಕೊಟ್ಟು ವಕೀಲರನ್ನು ಇಡಲಾಗದವರಿಗೆ ಸರ್ಕಾರ ಕೊಡುವ ಉಚಿತ ಕಾನೂನು ನೆರವಿನ ಪಟ್ಟಿಯಲ್ಲಿ ಅವರೂ ಒಬ್ಬರು. ಗಾಂಧಿಪುರಂ ಬಸ್ ನಿಲ್ದಾಣದ ಹಿಂದಿನ ಬೀದಿಯೊಂದರಲ್ಲಿ ಮಹಡಿ ಮನೆ, ಜೊತೆಗೆ ಒಬ್ಬ ತಂಗಿ. ರೋಗದ ಕಾಲದಲ್ಲಿ ಕೋರ್ಟಿನ ಬಾಗಿಲು ಮುಚ್ಚಿದಾಗ ಇಂಥವರಿಗೆಲ್ಲ ಮನೆಯಿಂದಲೇ ಫೋನಿನಲ್ಲಿ ಮಾತಾಡಿ ಎಂದಿದ್ದರಂತೆ. "ಇಷ್ಟು ವರ್ಷ ಕರಿ ಕೋಟು ಹಾಕ್ಕೊಂಡು ವೆಯಿಲಲ್ಲಿ ಬೆಂದೆ, ಈಗ ನೈಟೀಲಿ ಕೂತು ವಾದ ಮಾಡ್ತೀನಿ" ಎಂದು ನಗುತ್ತಿದ್ದರು. ಅವರ ನಗು ಕೇಳಿದ್ದೇನೆ. ಆ ನಗುವಿಗೆ ಮುಖ ಹೇಗಾಗುತ್ತಿತ್ತೋ ಗೊತ್ತಿಲ್ಲ.

ಆ ವರ್ಷ ನಾನು ಮಡತ್ತುಕುಳಂ ಹತ್ತಿರದ ತೋಟದ ಮನೆಯಲ್ಲಿದ್ದೆ, ಅತ್ತೆ ಮಾವನ ಜೊತೆ. ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಟಿಂಗ್ ಮಾಸ್ಟರ್. ಲಾಕ್‌ಡೌನ್ ಶುರುವಾದಾಗ ನನ್ನನ್ನೂ ನಾಲ್ಕು ವರ್ಷದ ಮಗಳನ್ನೂ ಅಲ್ಲಿಗೆ ತಂದು ಬಿಟ್ಟ. ಆಮೇಲೆ ಮಾಸ್ಕ್ ಹೊಲಿಯುವ ಆರ್ಡರ್ ಬಂದಿದೆಯೆಂದು ಕಂಪನಿಯವರು ಕರೆದರು, ಹೋದ. ಮೂರನೇ ವಾರಕ್ಕೆ ಜ್ವರ, ಆಸ್ಪತ್ರೆ, ಕೊನೆಗೆ ಅಲ್ಲಿಂದ ಒಂದು ಫೋನು. ಮುಖ ನೋಡಲು ಯಾರನ್ನೂ ಬಿಡಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಅವನ ಮೊಬೈಲು ಮಾತ್ರ ಬಂತು. ಅದನ್ನು ಮನೆಯೊಳಗೆ ತರಲು ಎಲ್ಲರಿಗೂ ಹೆದರಿಕೆ. ಮಾವ ಕೋಲಿನ ತುದಿಯಲ್ಲಿ ಸಿಕ್ಕಿಸಿಕೊಂಡು ಹೋಗಿ ಬಾವಿ ಪಕ್ಕದ ಮೋಟಾರ್ ರೂಮಿನ ಮೊಳೆಗೆ ನೇತುಹಾಕಿದರು.

ನನ್ನ ಗಂಡನ ಮನೆಯವರು ಕನ್ನಡದವರೇ. ಯಾವ ಕಾಲದಲ್ಲೋ ಇಳಿದು ಬಂದು, ಅಮರಾವತಿ ನೀರಿಗೆ ಕಬ್ಬು, ತೆಂಗು ಹಾಕಿಕೊಂಡು ನೆಲೆ ನಿಂತವರು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಓದು ಬರಹವೆಲ್ಲ ತಮಿಳಿನಲ್ಲಿ, ಕನ್ನಡ ಅಕ್ಷರ ಒಬ್ಬರಿಗೂ ಬಾರದು. ಆದರೆ ಅದರ ಮೇಲೆ ಅವರಿಗಿದ್ದ ಭಕ್ತಿಯನ್ನು ನೋಡಬೇಕಿತ್ತು. ನಾನು ಕಡೂರಿನವಳು, ಕನ್ನಡ ಶಾಲೆಯಲ್ಲಿ ಪಾಠ ಹೇಳಲು ತರಬೇತಾದವಳು ಎಂದು ಕೇಳಿಯೇ ನನ್ನನ್ನು ತಂದುಕೊಂಡದ್ದು. ಮದುವೆಯ ಕಾಗದವನ್ನು ಕನ್ನಡದಲ್ಲೂ ಅಚ್ಚು ಹಾಕಿಸಿದಾಗ ಗಂಡನ ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಿದ್ದರು, ತಲೆಕೆಳಗಾಗಿ ಹಿಡಿದು. ನಾನು ಹಬ್ಬಕ್ಕೆ ಬಾಗಿಲ ಮೇಲೆ ಅರಿಶಿನದಲ್ಲಿ 'ಶ್ರೀ' ಬರೆದರೆ ಮಾವ ನೆರೆಯವರನ್ನು ಕರೆದು ತೋರಿಸುತ್ತಿದ್ದರು. "ನಮ್ಮ ಎಳುತ್ತು" ಎನ್ನುತ್ತಿದ್ದರು, ನಮ್ಮ ಅಕ್ಷರ ಎಂದು. ಇವರನ್ನು ಕೆಟ್ಟವರೆಂದು ಬರೆದುಬಿಟ್ಟರೆ ನನಗೂ ಸುಲಭ, ಓದುವವರಿಗೂ ಸುಲಭ. ಆದರೆ ಹಾಗಿರಲಿಲ್ಲ.

ಗಂಡನ ತಿಥಿಯಾಗಿ ನಾಲ್ಕನೇ ದಿನ ಮಾವ ಒಂದು ಪತ್ರ ತಂದು ಮುಂದಿಟ್ಟರು. ತಮಿಳಿನಲ್ಲಿ ಬರೆದದ್ದು. ಆಗ ನನಗೆ ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ತಮಿಳು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. "ಮರಣ ಪತ್ರ ತಕ್ಕೊಳ್ಳಕ್ಕೆ ಕೊಡಬೇಕಮ್ಮ, ಕೈಯೆಳುತ್ತು ಹಾಕು" ಎಂದರು. ಹಾಕಿದೆ, ನನ್ನ ದುಂಡು ಕನ್ನಡದಲ್ಲಿ ಸಹಿ. ಆಗ ನನ್ನ ಸ್ಥಿತಿಯಲ್ಲಿ ಯಾರು ಏನು ತಂದಿಟ್ಟರೂ ಹಾಕುತ್ತಿದ್ದೆ.

ಹತ್ತು ದಿನ ಕಳೆದ ಮೇಲೆ ಅತ್ತೆ ಬೇಲಿಯಾಚೆಯವರೊಂದಿಗೆ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಬಸ್ಸು ಬಿಟ್ಟ ಮೇಲೆ ಸೊಸೆ ಅವರೂರಿಗೆ ಹೋಗುತ್ತಾಳೆ, ಪಾಪ್ಪ ನಮ್ಮತ್ರವೇ ಇರುತ್ತೆ, ಎಂದರು. ಮಾವನನ್ನು ಕೇಳಿದೆ. ಅವರು ಮುಖ ತಿರುಗಿಸಿಕೊಂಡು, "ನೀನೇ ತಾನೆ ಕೈಯೆಳುತ್ತು ಹಾಕಿದ್ದು? ಚಿಕ್ಕ ವಯಸ್ಸು ನಿಂದು, ಊರಿಗೆ ಹೋಗಿ ಇನ್ನೊಂದು ಬಾಳ್ವೆ ನೋಡ್ಕೊ" ಎಂದರು. ಅವತ್ತಿನಿಂದ ಮಗಳನ್ನು ಅತ್ತೆ ತೊಡೆಯಿಂದ ಇಳಿಸಲಿಲ್ಲ. ಅವಳಿಗೆ ಕಾರ್ಟೂನ್ ತೋರಿಸಲೆಂದು ನನ್ನ ಮೊಬೈಲೂ ಅವರ ತೊಡೆಗೇ ಹೋಯಿತು. ತವರಿಗೆ ಹೇಳೋಣವೆಂದರೆ ಗಡಿ ಮುಚ್ಚಿತ್ತು, ಅಮ್ಮ ಅಣ್ಣನ ಮನೆಯಲ್ಲಿ ಹೊಂದಿಕೊಂಡಿದ್ದವಳು. ನನಗೆ ಬೇಕಿದ್ದುದು ಒಂದೇ, ನನ್ನ ಮಗಳು. ಅದನ್ನು ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ.

ಜ್ವರ ನೋಡಲು ದಿನವೂ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ ಅದನ್ನು ಹೇಗೆ ಕಂಡುಕೊಂಡಳೋ. ಒಂದು ದಿನ ಕಬಸುರ ಕುಡಿನೀರು ಎಂಬ ಕಷಾಯದ ಪುಡಿಯ ಪೊಟ್ಟಣ ಕೊಟ್ಟು, ಇದನ್ನು ಕುದಿಸುವ ಮೊದಲು ಹಿಂಬದಿ ನೋಡು ಎಂದು ಕಣ್ಣಲ್ಲೇ ಹೇಳಿದಳು. ಹಿಂಬದಿಯಲ್ಲಿ ಪೆನ್ನಿನಿಂದ ಬರೆದ ಒಂದು ನಂಬರು. ಕಷಾಯ ಎಲ್ಲರೂ ಕುಡಿದರು. ಪೊಟ್ಟಣ ನನ್ನ ಬಳಿ ಉಳಿಯಿತು.

ತೋಟಕ್ಕೆ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ. ಬಂದ ಕೂಡಲೇ ಯಾರಾದರೂ ಓಡಿಹೋಗಿ ಮೋಟಾರು ಹಾಕಬೇಕು. ಮಾವನಿಗೆ ಮಂಡಿನೋವು, ಹಾಗಾಗಿ ಆ ಕೆಲಸ ನನ್ನದು. ಮೊಳೆಯಲ್ಲಿ ಗಂಡನ ಫೋನು ತೂಗುತ್ತಿತ್ತು. ಅದರ ಬೀಗದ ಅಂಕೆ ಮಗಳ ಹುಟ್ಟುದಿನ. ಚಾರ್ಜಿಗೆ ಹಾಕಿ ತೆರೆದಾಗ ಮೇಲೆಯೇ ಕಂಡದ್ದು ಅವನು ಕೊನೆಯ ದಿನ ಮಾಡಿದ್ದ ಮೂರು ಕರೆಗಳು, ಮೂರೂ ನನ್ನ ಹೆಸರಿಗೆ. ಅದನ್ನು ಅಳಿಸುವ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ. ಪೊಟ್ಟಣದ ನಂಬರು ಒತ್ತಿದೆ. ಅದು ಕಾನೂನು ನೆರವಿನ ಕಚೇರಿಯದು, ಆ ಕಡೆ ಯಾರೋ ತಮಿಳಿನಲ್ಲಿ ವಿವರ ಕೇಳಿದರು. ನಾನು ತೊದಲಿದ್ದನ್ನು ಕೇಳಿ, ಕನ್ನಡ ಬಲ್ಲವರೊಬ್ಬರು ನಾಳೆ ಇದೇ ಹೊತ್ತಿಗೆ ಮಾತಾಡುತ್ತಾರೆ ಎಂದರು.

ಮರುದಿನ ಫೋನು ಬಂತು. "ಹೇಳು ಕಣ್ಣು, ಏನಾಯ್ತು? ಬಯಪ್ಪಡಬೇಡ" ಎಂದ ದನಿ ಕೇಳಿದ್ದೇ ತಡ, ನಾನು ಕರೆ ಕತ್ತರಿಸಿದೆ. ಯಾಕೆಂದರೆ ಅದು ಥೇಟ್ ನಮ್ಮತ್ತೆಯ ಕನ್ನಡ. ಅದೇ ಎಳೆತ, ಅದೇ ತಮಿಳಿನ ಕುಲುಕು. ಮಾವನ ನೆಂಟರ ಪೈಕಿ ಯಾರೋ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಫೋನು ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಮೂರನೇ ಸಲ ಎತ್ತಿ ಸುಮ್ಮನೆ ನಿಂತೆ. ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ನನ್ನ ಮಾತು ನಿನ್ನ ಮಾಮಿಯಾರ್ ಮಾತಾಟ ಇದೆಯಾ?" ಎಂದು ಕೇಳಿದರು. ಮಾಮಿಯಾರ್ ಎಂದರೆ ಅತ್ತೆ, ಮಾತಾಟ ಎಂದರೆ ಮಾತಿನ ಹಾಗೆ. ಹೌದೆಂದೆ. "ಇರ್ತದೆ. ನಾವೂ ಆ ಕಡೆ ತೋಟದವರೇ. ಅವ್ರು ಏನು ಯೋಚ್ನೆ ಮಾಡ್ತಾರೆ ಅಂತ ನನಗೆ ಗೊತ್ತು, ಅದು ನಿನಗೆ ಒಳ್ಳೇದೇ" ಎಂದರು.

ಇದೇ ನನ್ನ ಕಷ್ಟವಾಗಿತ್ತು. ಬಾಯಿಬಿಟ್ಟು ಹೇಳೋಣವೆಂದರೆ ಮನೆಯವರಿಗೆಲ್ಲ ಕನ್ನಡ ಅರ್ಥವಾಗುತ್ತದೆ. ಬರೆದರೆ ಯಾರಿಗೂ ಓದಲು ಬಾರದು. ಹಾಗಾಗಿ ಬರೆದೆ. ನಡುಮನೆಯಲ್ಲಿ, ಅತ್ತೆಯ ಎದುರೇ ಕೂತು, ಹಳೆಯ ನೋಟುಬುಕ್ಕಿನಲ್ಲಿ ಹನ್ನೊಂದು ಹಾಳೆ. ಅತ್ತೆ ಮಗಳಿಗೆ ತೋರಿಸಿ, "ನೋಡು ಪಾಪ್ಪ, ಅಮ್ಮ ನಮ್ಮ ಎಳುತ್ತು ಬರೀತಾ ಇದೆ. ಮುತ್ತು ಪೋಣಿಸಿದಾಟ" ಎಂದರು. ಅವರು ಮೆಚ್ಚುತ್ತಿದ್ದುದು ಅವರ ಮೇಲಿನ ದೂರನ್ನೇ. ಬರೆಯುವಾಗ ನನಗೆ ಇಂಥ ಗೆಲುವು, ಇಂಥ ನಾಚಿಕೆ ಒಟ್ಟಿಗೆ ಆದದ್ದು ಬೇರೆಂದೂ ಇಲ್ಲ.

ಬರೆದ ಹಾಳೆಗಳ ಫೋಟೋ ತೆಗೆದು ವಕೀಲಮ್ಮನಿಗೆ ಕಳಿಸಿದೆ. ಗಂಡನ ಫೋನಿಗೆ ರೀಚಾರ್ಜ್ ಮಾಡಿಸಿದ್ದೂ ಅವರೇ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಹತ್ತು ಗಂಟೆಗೆ ಮಾಡಿದರು. "ತ್ರೀ ಫೇಸ್ ಬಂತಾ?" ಎಂದು ಕೇಳಿದರು. ನಮ್ಮ ನಡುವೆ ನಮಸ್ಕಾರದ ಬದಲು ಇದ್ದುದು ಅದೇ. ಬಂತೆಂದೆ. ಸ್ವಲ್ಪ ತಡೆದು, "ಕೋಪ ಮಾಡ್ಕೊಬೇಡ ಕಣ್ಣು. ಎರಡು ದಿನ ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ನನಗೆ ಕನ್ನಡ ಓದಕ್ಕೆ ಬರದು. ಹೇಳಕ್ಕೆ ವೆಕ್ಕ ಆಯ್ತು" ಎಂದರು. ನಾಚಿಕೆ ಆಯಿತು ಎಂದು.

ನನಗೆ ನಗು ಬಂತು. ತಿಂಗಳಾದ ಮೇಲೆ ಬಂದ ಮೊದಲ ನಗು. ಆಮೇಲೆ ಅಳು ಬಂತು. ಅವರು ಎರಡೂ ಮುಗಿಯುವವರೆಗೆ ಕಾದು, "ಈಗ ಮೋಟಾರು ಹಾಕು. ನೀನೇ ಓದು. ಕೇಳ್ತಾ ಇವ್ನಿ" ಎಂದರು.

ಹೀಗೆ ಶುರುವಾಯಿತು. ಮೋಟಾರು ಗುಂಯ್ಯೆನ್ನತೊಡಗಿದರೆ ಆ ಕೋಣೆಯ ಮಾತು ಬಾಗಿಲಾಚೆ ಕೇಳುವುದಿಲ್ಲ. ನಾನು ಫೋನನ್ನು ತುಟಿಗೆ ತಾಗಿಸಿಕೊಂಡು, ಮೂಲೆಯ ಗೋಡೆಗೆ ಮುಖ ಮಾಡಿ ಓದುತ್ತಿದ್ದೆ. ದಿನಕ್ಕೆ ಒಂದು ಹಾಳೆ. ಬರೆದದ್ದು ಒಂದು ತೆರ, ಅದನ್ನೇ ಬಾಯಲ್ಲಿ ಓದಿ ಇನ್ನೊಬ್ಬರಿಗೆ ಕೇಳಿಸುವುದೇ ಬೇರೆ. ಕಾಗದದಲ್ಲಿ 'ಮಗಳನ್ನು ನನ್ನಿಂದ ದೂರ ಇಟ್ಟಿದ್ದಾರೆ' ಎಂದು ಸಲೀಸಾಗಿ ಬರೆದಿದ್ದವಳು ಅಲ್ಲಿ ನಿಂತು ಅದನ್ನು ಓದಲಾರದೆ ಮೂರು ಸಲ ನಿಲ್ಲಿಸಿದೆ. ಪ್ರತಿಸಲವೂ ಆ ಕಡೆಯಿಂದ ಅದೇ ಮಾತು, "ಕೇಳ್ತಾ ಇವ್ನಿ, ಓದು ಕಣ್ಣು." ಅವಸರವಿಲ್ಲ, ಅಯ್ಯೋ ಪಾಪವಿಲ್ಲ. ಪೆನ್ಸಿಲ್ ಕಾಗದದ ಮೇಲೆ ಓಡುವ ಸದ್ದು, ನಡುವೆ ಸ್ಟೀಲ್ ಲೋಟ ಕೆಳಗಿಟ್ಟ ಸದ್ದು.

ಅವರು ಸುಮ್ಮನೆ ಕೇಳುವವರಲ್ಲ, ಬೈಯುತ್ತಲೂ ಇದ್ದರು. ನಾನು ಎಲ್ಲೋ 'ಆ ರಾಕ್ಷಸಿ' ಎಂದು ಬರೆದದ್ದನ್ನು ಓದಿದಾಗ ಪೆನ್ಸಿಲ್ ನಿಂತಿತು. "ಅದು ಬೇಡ. ಮಗ ಸತ್ತವಳು ಅವಳು. ಏನು ಮಾಡಿದಳು ಅದು ಹೇಳು, ಏನು ಆಗಿದಾಳೆ ಅದು ಹೇಳ್ಬೇಡ" ಎಂದರು. ಮೇಷ್ಟರ ಮುಂದೆ ತಪ್ಪು ಲೆಕ್ಕ ಹಿಡಿದು ನಿಂತ ಹುಡುಗಿಯ ಹಾಗೆ ಆ ಪದವನ್ನು ಹೊಡೆದು ಹಾಕಿದೆ.

ಮಾವನ ಪತ್ರದ ಒಂದು ಜೆರಾಕ್ಸ್ ದೇವರ ಪಟದ ಹಿಂದೆ ಇತ್ತು. ಅದನ್ನು ಹುಲ್ಲಿನ ಬುಟ್ಟಿಯಲ್ಲಿ ಅಡಗಿಸಿ ಮೋಟಾರ್ ರೂಮಿಗೆ ತಂದು ಫೋಟೋ ಕಳಿಸಿದೆ. ಆ ದಿನ ಓದಿದ್ದು ಅವರು, ಕೇಳಿದ್ದು ನಾನು. ತಮಿಳಿನ ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸುತ್ತ ಬಂದರು. ನನ್ನ ಮಗಳನ್ನು ನಾನೇ ಮನಸಾರೆ ಅಜ್ಜ ಅಜ್ಜಿಗೆ ಬಿಟ್ಟುಕೊಟ್ಟಿದ್ದೇನೆ, ಮುಂದೆಂದೂ ಕೇಳುವುದಿಲ್ಲ ಎಂದಿತ್ತು. ಕೆಳಗೆ ನನ್ನ ದುಂಡು ಸಹಿ. "ಈ ಪತ್ರಕ್ಕೆ ಬಲ ಇಲ್ಲ. ಅಪ್ಪ ಹೋದ ಮೇಲೆ ಕೊಳಂದೆಗೆ ಅಮ್ಮನೇ. ಇಂಥ ಕಾಗದ ನೂರು ಬರೆದ್ರೂ ಕೊಳಂದೆಗೆ ಯಾವುದು ಒಳ್ಳೇದು ಅಂತ ತಾನೆ ನೋಡ್ತಾರೆ" ಎಂದರು. ಆಮೇಲೆ ದನಿ ಬದಲಿಸಿ, "ಆದ್ರೆ ನೀನು ಮೊದಲು ತಮಿಳು ಓದಕ್ಕೆ ಕಲ್ತ್ಕೊ. ಇದೇ ಊರಲ್ಲಿ ಬದುಕೋಳು ನೀನು. ಬಸ್ಸು ಓಡಲಿ, ನಾನು ಬಂದು ನಿನ್ನತ್ರ ಕನ್ನಡ ಕಲೀತೀನಿ" ಎಂದರು.

ಒಮ್ಮೆ ನಾನು ತುಂಬ ಕುಗ್ಗಿದ್ದ ದಿನ, ಏನೂ ಓದಲಾರೆ ಎಂದೆ. ಸರಿ ಎಂದವರು ಫೋನನ್ನು ಕಿಟಕಿಯಾಚೆ ಹಿಡಿದರು. "ಕೇಳು, ಗಾಂಧಿಪುರಂ ಬಸ್ ಸ್ಟ್ಯಾಂಡು." ನಾನು ಕೇಳಿದೆ. ಹಗಲು ಹತ್ತೂವರೆಯ ಹೊತ್ತು. ಹಾರನ್ನಿಲ್ಲ, ಊರಿನ ಹೆಸರು ಕೂಗುವ ಕಂಡಕ್ಟರಿಲ್ಲ, ಏನೂ ಇಲ್ಲ. ಒಂದು ಕಾಗೆ ಕೂಗಿತು. ಅದರ ಕೂಗು ಎಲ್ಲಿಗೋ ಹೋಗಿ ಬಡಿದು ವಾಪಸು ಬಂದದ್ದೂ ಕೇಳಿಸಿತು. ಈಗ ನಾನು ಆ ನಿಲ್ದಾಣದಲ್ಲಿ ಎಷ್ಟೋ ಸಲ ಬಸ್ಸು ಹತ್ತುತ್ತೇನೆ, ಜನರ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಆದರೂ ನನಗೆ ಅಲ್ಲಿ ಆ ಕಾಗೆಯೇ ಕೇಳಿಸುವುದು.

ಹತ್ತು ಹಾಳೆ ಓದಿ ಮುಗಿಯಿತು. ಹನ್ನೊಂದನೆಯದನ್ನು ಓದಲಿಲ್ಲ. "ಇನ್ನೊಂದಿದೆಯಲ್ಲ?" ಎಂದು ಕೇಳಿದರು. "ಅದು ಕೇಸಿಗೆ ಬೇಕಾದ್ದಲ್ಲ" ಎಂದೆ. "ಬೇಡದ್ದಾದ್ರೆ ನನಗೆ ಓದು. ಆತುರ ಇಲ್ಲ, ಇನ್ನೊಂದು ದಿನ" ಎಂದರು.

ಮಾವನಿಗೆ ನೋಟೀಸು ಬಂತು. ಮೂರನೆಯ ದಿನ ಬೆಳಿಗ್ಗೆ ವೀಡಿಯೋದಲ್ಲಿ ರಾಜಿ ಮಾತುಕತೆ. ಮಾವ ತಮ್ಮ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟರು. ಪರದೆಯ ಒಂದು ಚೌಕದಲ್ಲಿ ನಿವೃತ್ತ ನ್ಯಾಯಾಧೀಶರು, ಒಂದರಲ್ಲಿ ನಾವು, ಇನ್ನೊಂದರಲ್ಲಿ ಕಿವಿ. ಅವತ್ತೇ ನಾನು ಆ ಕಿವಿಯನ್ನು ಮೊದಲು ಕಂಡದ್ದು. "ಮೇಡಂ, ಇದು ವೀಡಿಯೋ" ಎಂದು ನ್ಯಾಯಾಧೀಶರು ಎರಡು ಸಲ ಹೇಳಿದರು. ಒಂದು ಕ್ಷಣ ಸೂರಿನ ಫ್ಯಾನು ಕಂಡಿತು, ಮತ್ತೆ ಕಿವಿ.

ಮಾವ ಪತ್ರವನ್ನು ಎತ್ತಿ ಹಿಡಿದರು. ಸೊಸೆ ಓದಿದವಳು, ಒಪ್ಪಿಯೇ ಸಹಿ ಹಾಕಿದ್ದಾಳೆ ಎಂದರು. ನ್ಯಾಯಾಧೀಶರು ಅದು ನನ್ನ ಸಹಿಯೇ ಎಂದು ಕೇಳಿದರು. ಹೌದೆಂದೆ. ಅತ್ತೆಯ ತೊಡೆಯಲ್ಲಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು.

ವಕೀಲಮ್ಮ ವಾದ ಮಾಡಲಿಲ್ಲ. "ಕಣ್ಣು, ನೀನು ಬರೆದ ಹಾಳೆ ಒಂದು ಮಾವನ ಕೈಗೆ ಕೊಡು" ಎಂದರು. ಸೆರಗಿನಡಿಯ ನೋಟುಬುಕ್ಕಿಗೆ ಕೈ ಹಾಕಿದೆ. ನೋಡದೆ, ಕೈಗೆ ಸಿಕ್ಕಿದ್ದನ್ನು ಹರಿದು ಕೊಟ್ಟೆ. ಕೊಟ್ಟ ಮೇಲೆ ನೋಡಿದೆ, ಅದು ಹನ್ನೊಂದನೆಯದು. 'ಕೊನೆಯ ದಿನ ಮಧ್ಯಾಹ್ನ ಅವರು ಮೂರು ಸಲ ಫೋನು ಮಾಡಿದರು. ನಾನು ನೋಡಿದೆ. ಎತ್ತಲಿಲ್ಲ. ಹೆದರಿಕೆ ಆಗ್ತಿದೆ ಅಂತ ಮತ್ತೆ ಅದನ್ನೇ ಹೇಳುತ್ತಾರೆ, ಮಗಳಿಗೆ ಉಣಿಸಿ ಮಾಡೋಣ ಅಂದುಕೊಂಡೆ. ಉಣಿಸಿ ಮಲಗಿಬಿಟ್ಟೆ.' ಸಂಜೆಗೆ ಗಂಡ ತೀರಿಕೊಂಡಿದ್ದ. ಅವನ ಅಪ್ಪನ ಕೈಯಲ್ಲಿ ಈಗ ಆ ಹಾಳೆ ಇತ್ತು.

"ಅಣ್ಣಾ, ಅದರ ಕೆಳಗೆ ಒಂದು ಕೈಯೆಳುತ್ತು ಹಾಕುಂಗ" ಎಂದರು ವಕೀಲಮ್ಮ.

ಮಾವ ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು. ತಲೆಕೆಳಗಾಗಿತ್ತು, ಅವರಿಗೆ ಗೊತ್ತಾಗಲಿಲ್ಲ. "ಏನು ಬರೆದಿದೆ ಅಂತ ತಿಳೀದೆ ಎಂಗೆ ಹಾಕೋದು?" ಎಂದರು. ಹೇಳಿದ ಮೇಲೆ ಬಾಯಿ ಅರ್ಧ ತೆರೆದೇ ಉಳಿಯಿತು.

"ನಮ್ಮ ಎಳುತ್ತು ತಾನೆ ಅಣ್ಣಾ?"

ಮಾವ ಹಾಳೆಯನ್ನು ತೊಡೆಯ ಮೇಲೆ ಇಳಿಸಿದರು.

"ನನಗೂ ಓದಕ್ಕೆ ಬರದು. ನಾನೂ ಹಾಕ್ತಿರ್ಲಿಲ್ಲ. ನಿಮ್ಮ ಸೊಸೆ ನಿಮ್ಮನ್ನ ನಂಬಿ ಹಾಕಿದಾಳೆ" ಎಂದು ವಕೀಲಮ್ಮ ದನಿ ಏರಿಸದೆ ಹೇಳಿದರು.

ಆಗ ಅತ್ತೆ ಒಮ್ಮೆಲೇ ಅಳತೊಡಗಿದರು. "ಅವನ ಮುಖ ನೋಡಕ್ಕೂ ಬಿಡಲಿಲ್ಲ. ಈ ಪಾಪ್ಪ ಮುಖ ಒಂದೇ ನನಗಿರೋದು. ಇದನ್ನೂ ಕೊಟ್ಟುಬಿಟ್ಟು ಎಂಗೆ ಇರೋದು?" ಎಂದರು. ವಕೀಲಮ್ಮ ತುಂಬ ಹೊತ್ತು ಕೇಳಿ, "ನೋಡಬೇಡ ಅಂತ ಯಾರೂ ಹೇಳಲ್ಲ ಅಕ್ಕಾ. ತಿಂಗಳಿಗೆ ಒಂದು ಸಲ ಅವಳೇ ಕರ್ಕೊಂಡು ಬರ್ತಾಳೆ, ನಾನು ಬರೆಸ್ತೀನಿ. ಅಪ್ಪನ್ನ ಕಳ್ಕೊಂಡಿದೆ ಕೊಳಂದೆ. ಅಮ್ಮನ್ನೂ ಕಳೀಬೇಕಾ?" ಎಂದರು. ಹಾಗೆಯೇ ಬರೆಸಿದರು. ಅತ್ತೆ ಮಗಳ ತಲೆ ಬಾಚಿ, ಎರಡು ಜಡೆ ಹಾಕಿ, ಆ ಬಾಚಣಿಗೆಯನ್ನೂ ಅವಳ ಕೈಗೇ ಕೊಟ್ಟು ಒಳಗೆ ಹೋದರು. ಮಾವ ಆ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟರು. ಅದರಲ್ಲಿ ಏನಿದೆಯೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇವತ್ತಿಗೂ ತಿಂಗಳಿಗೊಮ್ಮೆ ಹೋಗುತ್ತೇನೆ, ಇವತ್ತಿಗೂ ಹೇಳಿಲ್ಲ.

ಬಸ್ಸು ಬಿಟ್ಟ ಮೇಲೆ ತಿರುಪ್ಪೂರಿಗೆ ಬಂದು ಎಕ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದೆ. ಮೊದಲ ರಜೆಗೆ ಮಗಳನ್ನು ಕರೆದುಕೊಂಡು ಗಾಂಧಿಪುರಕ್ಕೆ ಹೋದೆ, ವಕೀಲಮ್ಮನ ಮುಖ ನೋಡಲೆಂದು. ಬೀದಿಯ ಬಾಯಿಗೆ ಆಳೆತ್ತರದ ತಗಡು ಹೊಡೆದಿದ್ದರು. ಹಿಂದಿನ ದಿನವೇ ಅಲ್ಲಿ ಯಾರಿಗೋ ಜ್ವರ ಕಂಡಿತ್ತು. ಫೋನು ಮಾಡಿದೆ. "ಅಲ್ಲೇ ನಿಲ್ಲು, ಬಂದೆ" ಎಂದರು. ಸ್ವಲ್ಪ ಹೊತ್ತಿಗೆ ತಗಡಿನ ಆ ಬದಿಯಲ್ಲಿ ಟಕ್ ಟಕ್ ಎಂದು ತಟ್ಟಿದರು. ನಾನು ಈ ಬದಿಯಿಂದ ತಟ್ಟಿದೆ. ಮಗಳಿಗೆ ಅದೊಂದು ಆಟವಾಗಿ, ಅಂಗೈಯಿಂದ ಬಡಿದದ್ದೇ ಬಡಿದದ್ದು. ಆ ಬದಿಯಿಂದಲೂ ಅಷ್ಟೇ ಸಲ ಉತ್ತರ. "ಕೈ ಬಲ ಇದೆ ಪಾಪ್ಪಾಗೆ" ಎಂದು ಫೋನಿನಲ್ಲಿ ನಕ್ಕರು. "ಆ ಹನ್ನೊಂದನೇ ಹಾಳೆಲಿ ಏನು ಬರೆದಿದ್ದೆ ಕಣ್ಣು?" ಎಂದರು ಹೊರಡುವಾಗ. ಬೀದಿಯಲ್ಲಿ ನಿಂತು ಹೇಗೆ ಓದಲಿ? "ಮುಂದಿನ ಸಲ ಎದುರು ಕೂತು ಓದ್ತೀನಿ" ಎಂದೆ.

ಮುಂದಿನ ವರ್ಷ ರೋಗ ಎರಡನೇ ಸಲ ಬಂತು. ಕೊನೆಯ ಸಲ ಮಾತಾಡಿದಾಗ ಕೆಮ್ಮುತ್ತಿದ್ದರು. "ಬಸ್ ಸ್ಟ್ಯಾಂಡು ಮತ್ತೆ ಸುಮ್ಮನಾಗೋಯ್ತು ಕಣ್ಣು" ಎಂದರು. ಆಮೇಲೆ ಏಳು ದಿನ ಫೋನು ಎತ್ತಲಿಲ್ಲ. ಊಟಕ್ಕೆ ಬಿಟ್ಟಾಗ ಮಾಡುತ್ತಿದ್ದೆ, ಕೆಲಸ ಬಿಟ್ಟ ಮೇಲೆ ಮಾಡುತ್ತಿದ್ದೆ. ಎತ್ತದ ಫೋನು ಮಾಡಿದವರಿಗೆ ಹೇಗೆ ಕೇಳಿಸುತ್ತದೆ ಎಂದು ಆ ಏಳು ದಿನದಲ್ಲಿ ನನಗೆ ತಿಳಿಯಿತು. ಎಂಟನೇ ದಿನ ಅವರ ತಂಗಿ ಎತ್ತಿದರು. ಅದೇ ಎಳೆತ, ಅದೇ ಕುಲುಕು, ಬೇರೆ ದನಿ.

ಎಲ್ಲ ತಣ್ಣಗಾದ ಮೇಲೆ ಆ ತಂಗಿ ನನ್ನ ಫೈಲನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಿದರು. ವಕೀಲಮ್ಮ ಒಬ್ಬೊಬ್ಬರ ಫೈಲನ್ನೂ ಒಂದೊಂದು ಬಣ್ಣದ ಬನಿಯನ್ ಚಿಂದಿಯಲ್ಲಿ ಕಟ್ಟಿಡುತ್ತಿದ್ದರಂತೆ. ನನ್ನದಕ್ಕೆ ಹಳದಿ. ಬಿಚ್ಚಿದೆ. ನನ್ನ ಹನ್ನೊಂದು ಹಾಳೆಗಳ ಪ್ರಿಂಟು. ಹತ್ತು ಹಾಳೆಗಳಲ್ಲಿ ನನ್ನ ಒಂದೊಂದು ಸಾಲಿನ ಮೇಲೂ ಪೆನ್ಸಿಲಿನಲ್ಲಿ ಸಣ್ಣ ತಮಿಳು, ನಾನು ಮೋಟಾರಿನ ಸದ್ದಿನಲ್ಲಿ ಓದಿದ್ದೆಲ್ಲ. ಎಲ್ಲಿ ಅತ್ತು ನಿಲ್ಲಿಸಿದ್ದೆನೋ ಅಲ್ಲಿ ಒಂದು ಚುಕ್ಕೆ. ಹನ್ನೊಂದನೆಯದರಲ್ಲಿ ನನ್ನ ಸಾಲುಗಳ ಮೇಲೆ ಏನೂ ಬರೆದಿರಲಿಲ್ಲ. ಅದರ ತಲೆಯಲ್ಲಿ ಒಂದೇ ತಮಿಳು ಪದ. ಅಷ್ಟು ಹೊತ್ತಿಗೆ ನಾನು ತಮಿಳು ಓದಲು ಕಲಿತಿದ್ದೆ, ಅವರು ಹೇಳಿದ್ದರೆಂದೇ ಕಲಿತಿದ್ದೆ. 'ಕೇಳಬೇಕು' ಎಂದಿತ್ತು.

ಕಂಪನಿಯಲ್ಲಿ ಜನರೇಟರು ಹೊಡೆದುಕೊಳ್ಳತೊಡಗಿದರೆ ಈಗಲೂ ನನ್ನ ತುಟಿ ತಾನಾಗಿ ಅಲುಗುತ್ತದೆ. ಪಕ್ಕದ ಟೇಬಲ್ಲಿನವಳು, ಏನಕ್ಕಾ ಮಂತ್ರ ಹೇಳ್ತೀಯ ಎಂದು ತಮಾಷೆ ಮಾಡುತ್ತಾಳೆ. ಅದು ಹನ್ನೊಂದನೆಯ ಹಾಳೆ. ಅವರ ನಂಬರಿಗೆ ಮಾಡಿ ಓದಿಬಿಡಲೇ ಎಂದು ಎಷ್ಟೋ ಸಲ ಅನಿಸಿದೆ. ಒಮ್ಮೆ ಮಾಡಿದೆ. ಆ ನಂಬರು ಈಗ ಯಾರಿಗೋ ಹೋಗಿದೆ. ಹಲೋ ಹಲೋ ಎಂದು ಬೈದು ಇಟ್ಟರು.

ಮಗಳಿಗೆ ಈಗ ಒಂಬತ್ತು ತುಂಬಿದೆ. ಶಾಲೆಯಲ್ಲಿ ತಮಿಳು, ಮನೆಯಲ್ಲಿ ನಾನು ಕನ್ನಡ ಅಕ್ಷರ ಕಲಿಸಿದ್ದೇನೆ. ಅವಳ ಅಪ್ಪನ ಮನೆತನದಲ್ಲಿ ಅದನ್ನು ಓದಬಲ್ಲವಳು ಅವಳೊಬ್ಬಳೇ. ಕಳೆದ ಭಾನುವಾರ ಮಧ್ಯಾಹ್ನ ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಅವಳು ಶಾಲೆಗೆ ಬೇಕಾದ ಯಾವುದೋ ಕಾಗದ ಹುಡುಕುತ್ತ ಟ್ರಂಕು ತೆರೆದಿದ್ದಳು. ಆಮೇಲೆ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಓದುವ ದನಿ: "ಕೊನೆಯ... ದಿನ... ಮಧ್ಯಾಹ್ನ... ಅವರು... ಮೂರು ಸಲ..."

ತಿರುಗಿದೆ. ಹಳದಿ ಚಿಂದಿ ಅವಳ ಕಾಲ ಬಳಿ ಬಿದ್ದಿತ್ತು. ಕಸಿದುಕೊಳ್ಳಲೆಂದು ಕೈ ಚಾಚಿದೆ. ಅವಳು ನಿಲ್ಲಿಸಿ, ತಪ್ಪು ಮಾಡಿದವಳಂತೆ ನನ್ನ ಮುಖ ನೋಡಿದಳು. ನನ್ನ ಬಾಯಿಂದ ಬಂದ ಮಾತು ನನ್ನದಲ್ಲ, ನನ್ನ ಕನ್ನಡವೂ ಅಲ್ಲ. "ಕೇಳ್ತಾ ಇವ್ನಿ, ಓದು ಕಣ್ಣು" ಎಂದೆ.

ಓದಿದಳು. ಕೊನೆಯ ಸಾಲಿನವರೆಗೆ ಓದಿದಳು. ಐದು ವರ್ಷದ ಮೇಲೆ ಅದನ್ನು ಯಾರೋ ಬಾಯಲ್ಲಿ ಹೇಳಿದರು, ನಾನು ನಿಂತು ಕೇಳಿದೆ. ಆಮೇಲೆ ಅವಳು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಪ್ಪ ಮಾಡಿದ್ದಾ? ನೀನು ಯಾಕಮ್ಮ ಎತ್ತಲಿಲ್ಲ?" ಎಂದು ಕೇಳಿದಳು.

ಅವಳ ಪಕ್ಕ ನೆಲದ ಮೇಲೆ ಕೂತು ಹೇಳತೊಡಗಿದೆ. ಹೇಳಿ ಮುಗಿಸುವವರೆಗೂ ಅವಳು ನನ್ನ ಮುಖ ನೋಡಲಿಲ್ಲ. ತಲೆ ಬಗ್ಗಿಸಿಕೊಂಡು, ಕಿವಿಯನ್ನು ನನ್ನ ಕಡೆ ಮಾಡಿ ಕೂತಿದ್ದಳು.